ಬುಲ್ಸ್‌ಐ ಫ್ಯೂಸಿಂಗ್ ಗಾಜು: ಕುಲುಮೆಯೊಳಗೆ ಎಷ್ಟು ನಂಬಬಹುದು?

ಕುಲುಮೆ ಗಾಜಿನ ಕೆಲಸದಲ್ಲಿ ಬಣ್ಣಗಳನ್ನು ಕರಗಿಸಿ ಸೇರಿಸುವುದು, ಅಂದರೆ ಫ್ಯೂಸಿಂಗ್, ಕಷ್ಟವಲ್ಲ. ಸೇರಿದ್ದನ್ನು ಒಡೆಯದಂತೆ ತಣಿಸುವುದು ಕಷ್ಟ. 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾಮಾನ್ಯ ಬಣ್ಣದ ಗಾಜು ಯಾವ ಎರಡನ್ನು ಒಂದರ ಮೇಲೊಂದಿಟ್ಟರೂ ಅಂಟಿಕೊಳ್ಳುತ್ತವೆ. ತಣಿಯುವಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಇವೆರಡರ ನಡುವೆ ಎಳೆದಾಟ ಉಳಿದುಬಿಡುತ್ತದೆ. ಅಂಥ ತಟ್ಟೆ ಕುಲುಮೆಯಲ್ಲೇ ಸೀಳಬಹುದು, ಇಲ್ಲವೇ ತಿಂಗಳುಗಟ್ಟಲೆ ಚೆನ್ನಾಗಿದ್ದು ಒಂದು ದಿನ ಕಪಾಟಿನಲ್ಲಿ ತಾನಾಗಿ ಒಡೆಯಬಹುದು. ಈ ತೊಂದರೆಗೆ ಕಲಾವಿದರ ಕೈಗೆ ಬರುವ ಮೊದಲೇ, ಕಾರ್ಖಾನೆಯಲ್ಲೇ ಪರಿಹಾರ ಹುಡುಕಲು ಹೊರಟದ್ದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿರುವ ಬುಲ್ಸ್‌ಐ ಗ್ಲಾಸ್ ಕಂಪನಿ.

1974ರಲ್ಲಿ ಡ್ಯಾನ್ ಶ್ವೋರರ್, ರೇ ಆಲ್‌ಗ್ರೆನ್, ಬಾಯ್ಸ್ ಲುಂಡ್‌ಸ್ಟ್ರಮ್ ಎಂಬ ಮೂವರು ಸೇರಿ ಇದನ್ನು ಆರಂಭಿಸಿದಾಗ ಮುಖ್ಯ ಮಾರುಕಟ್ಟೆ ಕಿಟಕಿಗಳಿಗೆ ಬಳಸುವ ಬಣ್ಣದ ಗಾಜಿನದು. 1979ರಲ್ಲಿ ವಾಷಿಂಗ್ಟನ್ ರಾಜ್ಯದ ಪಿಲ್ಚಕ್ ಗಾಜಿನ ಶಾಲೆಯಲ್ಲಿ ಜರ್ಮನ್ ಕಲಾವಿದ ಕ್ಲಾಸ್ ಮೋಯೆ ಅವರ ಪರಿಚಯವಾಯಿತು. ಒಂದರೊಡನೊಂದು ಹೊಂದುವ ಪೂರ್ಣ ಬಣ್ಣಮಾಲೆ ಅವರಿಗೆ ಬೇಕಿತ್ತು. 1980ರ ದಶಕದ ಆರಂಭಕ್ಕೆ ಪರೀಕ್ಷೆಯಾದ ಹಾಳೆಗಳು ಮಾರಾಟಕ್ಕೆ ಬಂದವು. ಮೋಯೆ 1982ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿ ಅಲ್ಲಿನ ಕಲಾಶಾಲೆಯಲ್ಲಿ ಗಾಜಿನ ವಿಭಾಗ ಕಟ್ಟಿದರು. ಆ ಬಣ್ಣಮಾಲೆಯೂ ಅವರೊಂದಿಗೆ ಖಂಡ ದಾಟಿತು. ಕುಲುಮೆ ಗಾಜಿನವರಿಗೆಂದೇ ಪೋರ್ಟ್‌ಲ್ಯಾಂಡ್‌ನಲ್ಲಿ ಬೀಕಾನ್ ಎಂಬ ವೃತ್ತಿಪರ ಸಮ್ಮೇಳನ ನಡೆಸಿದ್ದೂ ಇದೇ ಕಂಪನಿ. ಕಲಾವಿದರು ಕೇಳಿದ್ದನ್ನು ಕಾರ್ಖಾನೆ ತಯಾರಿಸುವುದು, ಕಾರ್ಖಾನೆ ಕಂಡುಕೊಂಡದ್ದು ಕಲಾವಿದರಿಗೆ ತಿಳಿಯುವುದು, ಈ ಕೊಡುಕೊಳ್ಳುವಿಕೆ ಇವರ ಸರಕಿನ ಎಲ್ಲ ಕಡೆ ಕಾಣುತ್ತದೆ.

ತೀರ್ಪು ಮೊದಲೇ ಹೇಳಿಬಿಡಬಹುದು: ಗಂಭೀರವಾಗಿ ಕುಲುಮೆ ಗಾಜಿನ ಕೆಲಸ ಮಾಡುವವರು ಕೊಳ್ಳಬೇಕಾದ ಗಾಜು ಇದು. ನೀವು ಕೊಡುವ ಹಣದಲ್ಲಿ ದೊಡ್ಡ ಪಾಲು ಸಲ್ಲುವುದು ಪರೀಕ್ಷೆಗೆ ಮತ್ತು ಗಾಜಿನ ಜೊತೆ ಸಿಗುವ ಮಾಹಿತಿಗೆ. ಆ ಮಾಹಿತಿಯನ್ನು ಓದದೆ ಬರೀ ಬಣ್ಣ ನೋಡಿ ಕೊಂಡವರಿಗೆ ಇದು ದುಬಾರಿ ಗಾಜು ಅಷ್ಟೇ.

ಹಾಳೆಯ ಮೇಲಿನ ಸಂಕೇತವನ್ನೇ ನೋಡಿ. 001101-0030-ಎಫ್ ಎಂದಿದ್ದರೆ ಮೊದಲ ಆರು ಅಂಕಿ ಬಣ್ಣದ್ದು, ಇಲ್ಲಿ ಬಣ್ಣವಿಲ್ಲದ ಪಾರದರ್ಶಕ ಗಾಜು. 0030 ಎಂದರೆ 3 ಮಿ.ಮೀ. ದಪ್ಪದ ಹಾಳೆ, 0050 ಇದ್ದರೆ 2 ಮಿ.ಮೀ. ಕೊನೆಯ ಎಫ್ ಅಕ್ಷರ ಫ್ಯೂಸಿಂಗ್‌ಗೆ ಹೊಂದುತ್ತದೆಂದು ಪರೀಕ್ಷೆಯಾಗಿರುವುದರ ಗುರುತು. ಬಣ್ಣದ ಸಂಖ್ಯೆ 000ರಿಂದ ಶುರುವಾದರೆ ಓಪಲ್ ಗಾಜು, 001ರಿಂದ ಶುರುವಾದರೆ ಪಾರದರ್ಶಕ. 000116 ಮತ್ತು 001116 ಎರಡೂ ಟರ್ಕಾಯ್ಸ್ ನೀಲಿಯೇ, ಒಂದರಲ್ಲಿ ಬೆಳಕು ನಿಲ್ಲುತ್ತದೆ, ಇನ್ನೊಂದರಲ್ಲಿ ಹಾಯುತ್ತದೆ. ಇದನ್ನು ಗಮನಿಸದೆ ತರಿಸಿಕೊಂಡರೆ ಇಡೀ ವಿನ್ಯಾಸ ಕೆಡುತ್ತದೆ.

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು 90 ಎಂಬ ಸಂಖ್ಯೆಯ ಬಗ್ಗೆ. ಬುಲ್ಸ್‌ಐ ಗಾಜನ್ನು ಎಲ್ಲರೂ ಸಿಓಇ 90 ಎಂದು ಕರೆಯುತ್ತಾರೆ. ಒಂದು ಡಿಗ್ರಿ ಬಿಸಿಯೇರಿದರೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ ಅದು. ಕೋಟಿಯಲ್ಲಿ 90 ಪಾಲು. ಆದರೆ ಇದನ್ನು ಅಳೆಯುವುದು 20ರಿಂದ 300 ಡಿಗ್ರಿಯ ನಡುವೆ. ಒತ್ತಡ ಗಾಜಿನಲ್ಲಿ ಸಿಕ್ಕಿಕೊಳ್ಳುವುದು ಅದಕ್ಕಿಂತ ಬಹಳ ಮೇಲೆ, ಗಾಜು ಜಿಗುಟಿನಿಂದ ಗಟ್ಟಿಗೆ ತಿರುಗುವ ಹಂತದಲ್ಲಿ. ಅಲ್ಲಿ ಹಿಗ್ಗುವಿಕೆಯಷ್ಟೇ ಮುಖ್ಯವಾದದ್ದು ಸ್ನಿಗ್ಧತೆ, ಅಂದರೆ ಹರಿಯಲು ಗಾಜು ತೋರುವ ತಡೆ. ಬೇಗ ಗಟ್ಟಿಯಾಗುವ ಬಣ್ಣ ಮತ್ತು ತಡವಾಗಿ ಗಟ್ಟಿಯಾಗುವ ಬಣ್ಣ ಒಂದರೊಡನೊಂದು ಹೊಂದಬೇಕಾದರೆ ಅವುಗಳ ಹಿಗ್ಗುವಿಕೆಯನ್ನು ಬೇಕೆಂದೇ ಸ್ವಲ್ಪ ಬೇರೆ ಇಡಬೇಕಾಗುತ್ತದೆ. ಹೀಗಾಗಿ ಬುಲ್ಸ್‌ಐ ಬಣ್ಣಮಾಲೆಯಲ್ಲೇ ಎಲ್ಲ ಬಣ್ಣಗಳ ಹಿಗ್ಗುವಿಕೆ ನಿಖರವಾಗಿ 90 ಅಲ್ಲ. ಇದನ್ನು ಕಂಪನಿಯೇ ಬಹಿರಂಗವಾಗಿ ಹೇಳುತ್ತದೆ.

ಇನ್ನೊಂದು ಕಾರ್ಖಾನೆಯ ಡಬ್ಬಿಯ ಮೇಲೂ 90 ಎಂದಿದ್ದ ಮಾತ್ರಕ್ಕೆ ಎರಡನ್ನೂ ಧೈರ್ಯವಾಗಿ ಬೆರೆಸುವಂತಿಲ್ಲ. ಪ್ರತಿ ಕಾರ್ಖಾನೆ ತನ್ನದೇ ಮಾನದಂಡದ ಗಾಜಿಗೆ ಹೋಲಿಸಿ ಪರೀಕ್ಷಿಸುತ್ತದೆ. 90 ಮತ್ತು 96 ಅಂಕಿಯ ಗಾಜುಗಳನ್ನು ಬೆರೆಸುವ ಮಾತೇ ಬೇಡ. ಕಿಟಕಿಗೆ ಬಳಸುವ ಸಾಮಾನ್ಯ ಫ್ಲೋಟ್ ಗಾಜು ಇವೆರಡಕ್ಕೂ ಹೊಂದುವುದಿಲ್ಲ.

ಬುಲ್ಸ್‌ಐ ಕಾರ್ಖಾನೆ ಮಾಡುವ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಹೊಸ ಗಾಜು ತರಿಸಿದಾಗ ಮಾಡಲೇಬೇಕು. ಬಣ್ಣವಿಲ್ಲದ 3 ಮಿ.ಮೀ. ಹಾಳೆಯಿಂದ 4 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಅದರ ಮೇಲೆ ಪರೀಕ್ಷಿಸಬೇಕಾದ ಬಣ್ಣಗಳ 1 ಸೆಂ.ಮೀ. ಚೌಕಗಳನ್ನು ನಡುವೆ ಎರಡು ಬೆರಳಷ್ಟು ಜಾಗ ಬಿಟ್ಟು ಜೋಡಿಸಿ. ಒಂದು ತುದಿಯಲ್ಲಿ ಆ ಪಟ್ಟಿಯದೇ ಗಾಜಿನ ಚೌಕವೊಂದನ್ನು ಇಡುವುದನ್ನು ಮರೆಯಬೇಡಿ. ಪೂರ್ತಿ ಫ್ಯೂಸ್ ಮಾಡಿ, ಸರಿಯಾಗಿ ತಣಿಸಿ, ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ ಎರಡು ಧ್ರುವೀಕರಣ ಫಿಲ್ಮ್‌ಗಳ ನಡುವೆ ಹಿಡಿಯಿರಿ. ಹಿಂದೆ ಬೆಳಕಿರಲಿ. ಮೇಲಿನ ಫಿಲ್ಮನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಪೂರ್ತಿ ಕತ್ತಲಾಗುತ್ತದೆ. ಆಗ ಚೌಕದ ಸುತ್ತ, ಅದರಲ್ಲೂ ಮೂಲೆಗಳಲ್ಲಿ, ಬೆಳಕಿನ ಪ್ರಭೆ ಕಂಡರೆ ಅಲ್ಲಿ ಒತ್ತಡವಿದೆ. ಓಪಲ್ ಬಣ್ಣದ ಮೂಲಕ ಬೆಳಕು ಹಾಯದಿದ್ದರೂ ತೊಂದರೆಯಿಲ್ಲ, ನೋಡಬೇಕಾದದ್ದು ಅದರ ಸುತ್ತಲಿನ ಬಣ್ಣವಿಲ್ಲದ ಭಾಗವನ್ನು.

ತುದಿಯ ಚೌಕ ಬೇಕಾಗುವುದು ಇಲ್ಲಿ. ಒಂದೇ ಗಾಜು ತನ್ನೊಡನೆ ತಾನು ಹೊಂದದಿರಲು ಸಾಧ್ಯವಿಲ್ಲ. ಅದರ ಸುತ್ತಲೂ ಪ್ರಭೆ ಕಂಡರೆ ತಪ್ಪು ತಣಿಸುವ ಕ್ರಮದ್ದು. ಬಣ್ಣಗಳ ಬಗ್ಗೆ ಆ ಪಟ್ಟಿ ಏನನ್ನೂ ಹೇಳುತ್ತಿಲ್ಲ, ಮತ್ತೆ ತಣಿಸಿ ನೋಡಬೇಕು. ಪಟ್ಟಿ ಇನ್ನೂ ಬೆಚ್ಚಗಿರುವಾಗ ನೋಡಿದರೂ ಸುಳ್ಳು ಪ್ರಭೆ ಕಾಣುತ್ತದೆ.

ಹಾಳೆಯ ಮೇಲಿನ ಎಫ್ ಮುದ್ರೆಗೂ ಮಿತಿಯಿದೆ. ಸಾಮಾನ್ಯ ಫ್ಯೂಸಿಂಗ್‌ನ ಶಾಖ ಮತ್ತು ಸಮಯಕ್ಕೆ ಅದು ಅನ್ವಯ. ಒಂದೇ ತುಂಡನ್ನು ಮತ್ತೆ ಮತ್ತೆ ಕಾಯಿಸಿದರೆ, ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಹಿಡಿದರೆ ಕೆಲವು ಬಣ್ಣಗಳ, ವಿಶೇಷವಾಗಿ ಕೆಲವು ಓಪಲ್‌ಗಳ, ಗುಣ ಬದಲಾಗುತ್ತದೆ. ಅಚ್ಚಿನಲ್ಲಿ ದಪ್ಪ ಎರಕ ಮಾಡುವವರು ತಾವು ನಿಜವಾಗಿ ಬಳಸುವ ಶಾಖ ಮತ್ತು ಸಮಯದಲ್ಲೇ ಪಟ್ಟಿ ಪರೀಕ್ಷೆ ಮಾಡಿಕೊಳ್ಳಬೇಕು.

ಬಣ್ಣಗಳ ವಿಷಯಕ್ಕೆ ಬಂದರೆ ಈ ಮಾಲೆಯ ಸೊಗಸು ಮತ್ತು ಅಪಾಯ ಎರಡೂ ರಸಾಯನದಲ್ಲಿದೆ. ಫ್ರೆಂಚ್ ವೆನಿಲ್ಲಾ ಎಂಬ 000137ರಲ್ಲಿ ಗಂಧಕವಿದೆ. ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಅನೇಕವು ಗಂಧಕ ಅಥವಾ ಸೆಲೆನಿಯಂ ಇರುವಂಥವು. ಟರ್ಕಾಯ್ಸ್ ನೀಲಿಗಳಲ್ಲಿರುವುದು ತಾಮ್ರ. ಈ ಎರಡು ಗುಂಪುಗಳು ತಾಗಿದ ಕಡೆ ಫ್ಯೂಸ್ ಆದ ಮೇಲೆ ಕಂದು ಅಥವಾ ಕಪ್ಪು ಗೆರೆ ಮೂಡುತ್ತದೆ. ವೆನಿಲ್ಲಾ ಹಾಳೆಯ ಮೇಲೆ ಟರ್ಕಾಯ್ಸ್ ಪುಡಿ ಉದುರಿಸಿದರಂತೂ ನೀಲಿ ಹೋಗಿ ಇಡೀ ಮೈ ಕಂದಾಗುತ್ತದೆ. ಸೀಸವಿರುವ ಕೆಲವು ಗುಲಾಬಿ ಬಣ್ಣಗಳೂ ಗಂಧಕದ ಗಾಜಿಗೆ ತಾಗಿದರೆ ಕಪ್ಪಾಗುತ್ತವೆ. ಬೆಳ್ಳಿಯ ತೆಳು ಹಾಳೆ ಬಣ್ಣವಿಲ್ಲದ ಗಾಜಿನಲ್ಲಿ ಅಂಬರ್ ಛಾಯೆ ಕೊಡುತ್ತದೆ, ವೆನಿಲ್ಲಾ ಮೇಲೆ ಗಾಢವಾಗುತ್ತದೆ.

ಇದನ್ನು ದೋಷವೆಂದು ಅಡಗಿಸದೆ ಕಂಪನಿ ಕೋಷ್ಟಕ ಮಾಡಿ ಕೊಟ್ಟಿದೆ. ಯಾವ ಬಣ್ಣದಲ್ಲಿ ಯಾವ ಗುಂಪಿನ ಅಂಶವಿದೆ ಎಂದು ಪ್ರತಿ ಸಂಖ್ಯೆಗೂ ಗೊತ್ತಾಗುತ್ತದೆ. ಅಷ್ಟಕ್ಕೇ ನಿಲ್ಲದೆ ತಾಮ್ರ ಮತ್ತು ಬೆಳ್ಳಿಯೊಡನೆ ಬೇಕೆಂದೇ ಬಣ್ಣ ತಿರುಗುವ ರಿಯಾಕ್ಟಿವ್ ಐಸ್ 001009 ಮತ್ತು ರಿಯಾಕ್ಟಿವ್ ಕ್ಲೌಡ್ 000009 ಎಂಬ ಹಾಳೆಗಳನ್ನೂ ತಯಾರಿಸುತ್ತದೆ. ಕುಂಚದಲ್ಲಿ ಬರೆಯಲಾಗದ ಅಂಚು, ಶಿಲೆಯ ನರದಂಥ ಗೆರೆ ಇವುಗಳಿಂದ ಸಿಗುತ್ತದೆ. ಗೆರೆ ಬೇಡವಾದರೆ ಎರಡು ಬಣ್ಣಗಳ ನಡುವೆ ಬಣ್ಣವಿಲ್ಲದ ಗಾಜಿನ ಪದರ ಇಡಬೇಕು. ತೆಳ್ಳಗೆ ಉದುರಿಸಿದ ಪುಡಿ ಸಾಲದು. ಕರಗುವಾಗ ಗಾಜು ಹರಿದು ಎರಡೂ ಮತ್ತೆ ಸಂಧಿಸುತ್ತವೆ.

ತಣ್ಣಗಿದ್ದಾಗ ಒಂದು ಬಣ್ಣ, ಕಾದ ಮೇಲೆ ಇನ್ನೊಂದು ಬಣ್ಣ ತೋರುವ ಗಾಜುಗಳ ಬಗ್ಗೆ ಹೊಸಬರು ಬಹಳ ದೂರುತ್ತಾರೆ. ಕ್ರ್ಯಾನ್‌ಬೆರಿ ಗುಲಾಬಿ 001311 ಚಿನ್ನದಿಂದ ಬಣ್ಣ ಪಡೆಯುತ್ತದೆ. ಅಂಗಡಿಯಲ್ಲಿ ನೋಡಿದರೆ ಪೇಲವ. ಕುಲುಮೆಯಲ್ಲಿ ಶಾಖ ಏರುವಾಗ 663 ಡಿಗ್ರಿಯಲ್ಲಿ 2 ಗಂಟೆ ಹಿಡಿದರೆ ಚಿನ್ನದ ಕಣಗಳು ಬೆಳೆದು ಗುಲಾಬಿ ಅರಳುತ್ತದೆ. ಆ ಹಿಡಿತ ಬಿಟ್ಟು ಅವಸರದಲ್ಲಿ ಮೇಲೇರಿಸಿದರೆ ಮಾಸಲು ಕಂದು ಅಥವಾ ನೀಲಿ ಛಾಯೆಗೆ ತಿರುಗುತ್ತದೆ. ಚಿನ್ನದ ಬಣ್ಣಗಳು ಬೆಲೆಯಲ್ಲೂ ಮೇಲಿನ ಸಾಲಿನವು, ಹಾಗಾಗಿ ಈ ತಪ್ಪು ನೋಯಿಸುತ್ತದೆ. ಕಂಪನಿಯ ಬಣ್ಣಗಳ ಕೈಪಿಡಿಯಲ್ಲಿ ಕಾಯಿಸುವ ಮುಂಚಿನ ಮತ್ತು ನಂತರದ ಚಿತ್ರ ಎರಡೂ ಇರುತ್ತವೆ. ನಂತರದ ಚಿತ್ರ ನೋಡಿಯೇ ಕೊಳ್ಳಬೇಕು.

ಕಪ್ಪು ಮತ್ತು ಬಿಳಿ ಒಂದೇ ಶಾಖದಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದೂ ಕೈಗೆ ಬಂದ ಮೇಲೆ ಗೊತ್ತಾಗುವ ಸಂಗತಿ. ಕಪ್ಪು 000100 ಮೃದು, ಬೇಗ ಹರಿಯುತ್ತದೆ. ಬಿಳಿ 000113 ಬಿಗಿ. ಎರಡರ ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿದರೆ ಕಪ್ಪು ಬಿಳಿಯ ಮೇಲೆ ಹತ್ತಿ ನೇರ ಗೆರೆ ಅಲೆಯಾಗುತ್ತದೆ. ಇದಕ್ಕೆಂದೇ ಬಿಗಿ ಕಪ್ಪು 000101 ಇದೆ. ರೇಖಾಗಣಿತದ ವಿನ್ಯಾಸ ಮಾಡುವವರು ಅದನ್ನೇ ತರಿಸಿಕೊಳ್ಳಲಿ.

ಹಾಳೆಯ ಹೊರತಾಗಿ ಫ್ರಿಟ್ ಎಂಬ ಪುಡಿಗಾಜು ನಾಲ್ಕು ಗಾತ್ರದಲ್ಲಿ ಸಿಗುತ್ತದೆ: 0.2 ಮಿ.ಮೀ.ಗಿಂತ ಸಣ್ಣದು ಪುಡಿ, 1.2ರವರೆಗೆ ಸಣ್ಣ, 2.7ರವರೆಗೆ ಮಧ್ಯಮ, 5.2ರವರೆಗೆ ದಪ್ಪ. ಕಣ ಸಣ್ಣದಾದಷ್ಟೂ ಎರಕದಲ್ಲಿ ಗಾಳಿ ಹೆಚ್ಚು ಸಿಕ್ಕಿಕೊಂಡು ಪಾರದರ್ಶಕ ಬಣ್ಣವೂ ಹಾಲಿನಂತೆ ಮಸುಕಾಗುತ್ತದೆ. ತಿಳಿಯಾದ ಎರಕ ಬೇಕಾದರೆ ದಪ್ಪ ಫ್ರಿಟ್ ಅಥವಾ ಬಿಲ್ಲೆಟ್ ಗಟ್ಟಿಗಳನ್ನು ಬಳಸಬೇಕು. ಅಚ್ಚಿಗೆ ಎಷ್ಟು ಗಾಜು ಬೇಕೆಂದು ತಿಳಿಯಲು ಅಚ್ಚಿನಲ್ಲಿ ಹಿಡಿಸುವ ನೀರನ್ನು ಮಿಲಿಲೀಟರ್‌ನಲ್ಲಿ ಅಳೆದು 2.5ರಿಂದ ಗುಣಿಸಿ, ಬಂದದ್ದು ಗ್ರಾಂ ಲೆಕ್ಕ. ಸ್ಟ್ರಿಂಗರ್ ಎಳೆಗಳು 1 ಮಿ.ಮೀ. ಮತ್ತು ಅರ್ಧ ಮಿ.ಮೀ. ದಪ್ಪದಲ್ಲಿ ಬರುತ್ತವೆ, ಗುಣಮಟ್ಟ ಚೆನ್ನಾಗಿದೆ. ಮಿನುಗು ಲೇಪನದ ಹಾಳೆಗಳ ಲೇಪನದ ಮುಖಗಳು ಎದುರುಬದುರಾದರೆ ಸರಿಯಾಗಿ ಅಂಟುವುದಿಲ್ಲ, ಅಷ್ಟು ನೆನಪಿಟ್ಟರೆ ಸಾಕು.

ಪುಡಿ ಜರಡಿ ಹಿಡಿಯುವಾಗ, ಕುಲುಮೆಯಲ್ಲಿ ಗಾಜು ಇಡುವ ಹಲಗೆಯ, ಅಂದರೆ ಶೆಲ್ಫಿನ, ಹಳೆಯ ಲೇಪ ಕೆರೆಯುವಾಗ ಉಸಿರಾಟದ ಮುಖಗವಸು ಬೇಕೇ ಬೇಕು. ಬಟ್ಟೆಯ ಮಾಸ್ಕ್ ಸಾಲದು, ಸಣ್ಣ ಕಣ ತಡೆಯುವ ಎನ್95 ಅಥವಾ ಅದಕ್ಕಿಂತ ಮೇಲಿನದು ಇರಬೇಕು. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಎರಡು ಪದರದ 3 ಮಿ.ಮೀ. ಹಾಳೆ ಯಾಕೆ ಎಲ್ಲ ಪಾಠಗಳಲ್ಲೂ ಬರುತ್ತದೆ ಎಂದು ಕೇಳುವವರಿಗೆ: ಪೂರ್ತಿ ಕರಗಿದ ಗಾಜು ಮೇಲ್ಮೈ ಎಳೆತ ಮತ್ತು ಗುರುತ್ವದ ನಡುವೆ ಸುಮಾರು 6 ಮಿ.ಮೀ. ದಪ್ಪದಲ್ಲಿ ನೆಲೆಗೊಳ್ಳಲು ನೋಡುತ್ತದೆ. ಒಂದೇ ಪದರ ಇಟ್ಟರೆ ಅಂಚುಗಳು ಒಳಕ್ಕೆ ಸರಿದು ದಪ್ಪವಾಗುತ್ತವೆ, ಬದಿಗಳು ಸೊಂಟದಂತೆ ಬಾಗುತ್ತವೆ, ನಡುವೆ ತೆಳುವಾಗಿ ಗುಳ್ಳೆ ಒಡೆದು ತೂತೂ ಬೀಳಬಹುದು. ಮೂರು ಪದರ ಇಟ್ಟರೆ ಹೊರಕ್ಕೆ ಹರಡುತ್ತದೆ. ಅಂಚಿಗೆ ತಡೆ ಕಟ್ಟಬೇಕು. 2 ಮಿ.ಮೀ. ತೆಳು ಹಾಳೆಯ ನಿಜವಾದ ಉಪಯೋಗ ಇಲ್ಲಿದೆ. ಮೂರು ತೆಳು ಪದರ ಸೇರಿದರೆ ಸರಿಯಾಗಿ 6 ಮಿ.ಮೀ., ವಿನ್ಯಾಸಕ್ಕೆ ಒಂದು ಪದರ ಹೆಚ್ಚು ಸಿಕ್ಕಿತು, ಹರಡುವ ಭಯವಿಲ್ಲ.

ಕಂಪನಿ ಸೂಚಿಸುವ ಮೂಲ ಫ್ಯೂಸಿಂಗ್ ಕ್ರಮ 6 ಮಿ.ಮೀ. ತುಂಡಿಗೆ ಹೀಗಿದೆ. ಗಂಟೆಗೆ 222 ಡಿಗ್ರಿಯಂತೆ 677ಕ್ಕೆ ಏರಿಸಿ ಅಲ್ಲಿ 30 ನಿಮಿಷ. ನಂತರ ಗಂಟೆಗೆ 333ರಂತೆ 804ಕ್ಕೆ, 10 ನಿಮಿಷ. ಆಮೇಲೆ ಕುಲುಮೆ ಎಷ್ಟು ಬೇಗ ಇಳಿಯುತ್ತದೋ ಅಷ್ಟು ಬೇಗ 482ಕ್ಕೆ ಇಳಿಸಿ 1 ಗಂಟೆ. ಅಲ್ಲಿಂದ ಗಂಟೆಗೆ 56ರಂತೆ 371ರವರೆಗೆ, ಮುಂದೆ ಕುಲುಮೆ ಆರಿಸಿ ಮುಚ್ಚಳ ತೆರೆಯದೆ ತಣಿಯಲು ಬಿಡುವುದು. ಬಾಗುಅಚ್ಚಿಗೆ ಇಳಿಸುವ ಸ್ಲಂಪಿಂಗ್ ಇದಕ್ಕಿಂತ ಬಹಳ ಕೆಳಗೆ, 650ರಿಂದ 677ರ ನಡುವೆ ಮುಗಿಯುತ್ತದೆ.

ಪ್ರತಿ ಹಂತಕ್ಕೂ ಕಾರಣವಿದೆ, ಅದು ತಿಳಿದರೆ ತಿದ್ದುವುದು ಸುಲಭ. 677ರ ತಂಗುದಾಣದಲ್ಲಿ ಮೇಲಿನ ಹಾಳೆ ಮೆತ್ತಗಾಗಿ ಕೆಳಗಿನದರ ಮೇಲೆ ಕೂರುತ್ತ ನಡುವಿನ ಗಾಳಿಯನ್ನು ಅಂಚಿನ ಕಡೆಗೆ ತಳ್ಳುತ್ತದೆ. ಅಂಚು ಮೊದಲೇ ಬೆಸೆದುಕೊಂಡರೆ ಗಾಳಿ ಒಳಗೇ ಉಳಿದು ಗುಳ್ಳೆಯಾಗುತ್ತದೆ. ದೊಡ್ಡ ಹಾಳೆಗಳಿಗೆ ಮೂಲೆಗಳಲ್ಲಿ ಚಿಟಿಕೆ ಫ್ರಿಟ್ ಇಟ್ಟು ದಾರಿ ಬಿಟ್ಟರೆ ಒಳ್ಳೆಯದು. ಮೇಲಿನಿಂದ ಇಳಿಯುವಾಗ ಅವಸರ ಮಾಡುವುದಕ್ಕೂ ಕಾರಣವಿದೆ: ಸುಮಾರು 700ರಿಂದ 760ರ ನಡುವೆ ಗಾಜು ಹೆಚ್ಚು ಹೊತ್ತು ನಿಂತರೆ ಮೈಮೇಲೆ ಹರಳುಗಟ್ಟಿ ಬೂದು ಪೊರೆ ಬರುತ್ತದೆ. ಬೆರಳಿನ ಜಿಡ್ಡು, ತಿಕ್ಕಿದ ಗುರುತು, ಉಳಿದ ಗಾಜಿನ ಪುಡಿ ಇದ್ದ ಕಡೆ ಮೊದಲು ಹರಳುಗಟ್ಟುತ್ತದೆ. ಹಾಗಾಗಿ ಜೋಡಿಸುವ ಮುಂಚೆ ತೊಳೆದು ಒರೆಸುವುದನ್ನು ತಪ್ಪಿಸಬಾರದು. ಬಂದ ಪೊರೆಗೆ ಮದ್ದು, ಅದನ್ನು ತಿಕ್ಕಿ ತೆಗೆದು ಬಣ್ಣವಿಲ್ಲದ ಪುಡಿಯನ್ನು ತೆಳ್ಳಗೆ ಜರಡಿ ಹಿಡಿದು ಮತ್ತೊಮ್ಮೆ ಫ್ಯೂಸ್ ಮಾಡುವುದು.

ಕುಲುಮೆಯ ಮೀಟರ್ ತೋರುವ ಅಂಕಿ ಗಾಜಿನದಲ್ಲ, ಉಷ್ಣಮಾಪಕದ ತುದಿಯದು. ಕಾಯುವ ತಂತಿ ಮೇಲಿದೆಯೋ ಬದಿಯಲ್ಲಿದೆಯೋ ಎಂಬುದರ ಮೇಲೆ ಹತ್ತಾರು ಡಿಗ್ರಿ ಹೆಚ್ಚು ಕಡಿಮೆಯಾಗುತ್ತದೆ. 804ರಲ್ಲಿ ಮೇಲ್ಮೈ ಇನ್ನೂ ಉಬ್ಬುತಗ್ಗಾಗಿದ್ದರೆ ಸಮಯ ಎಳೆಯುವುದಕ್ಕಿಂತ 5 ಡಿಗ್ರಿಯಂತೆ ಏರಿಸಿ ನೋಡುವುದು ಲೇಸು.

ಅನೀಲಿಂಗ್, ಅಂದರೆ ಗಾಜಿನ ಒಳಗೂ ಹೊರಗೂ ಒಂದೇ ಉಷ್ಣಾಂಶ ಬರುವಂತೆ ಹಿಡಿದು ಒತ್ತಡ ಸಡಿಲಿಸಿ ಇಳಿಸುವ ಕೆಲಸ. ಇದರಲ್ಲಿ ಬುಲ್ಸ್‌ಐ ಕೊಟ್ಟಿರುವ ದಪ್ಪವಾರು ಕೋಷ್ಟಕ ಇಡೀ ಮಾಲೆಯ ಅತಿ ಬೆಲೆಬಾಳುವ ಭಾಗವೆಂದೇ ಹೇಳಬೇಕು. 12 ಮಿ.ಮೀ. ದಪ್ಪಕ್ಕೆ 482ರಲ್ಲಿ 2 ಗಂಟೆ, ನಂತರ 427ರವರೆಗೆ ಗಂಟೆಗೆ 55 ಡಿಗ್ರಿ, 371ರವರೆಗೆ ಗಂಟೆಗೆ 99, ಆಮೇಲೆ ಕೋಣೆಯ ಉಷ್ಣಾಂಶದವರೆಗೆ ಗಂಟೆಗೆ 330. 25 ಮಿ.ಮೀ. ಆದರೆ 4 ಗಂಟೆ ಹಿಡಿದು ಅದೇ ಮೂರು ಹಂತಗಳಲ್ಲಿ ಗಂಟೆಗೆ 15, 27, 90. 50 ಮಿ.ಮೀ. ಎರಕಕ್ಕೆ 8 ಗಂಟೆ ಹಿಡಿತ, ನಂತರ ಗಂಟೆಗೆ 3.8, 6.8, 22 ಡಿಗ್ರಿ ಮಾತ್ರ. ತಣಿಯಲಿಕ್ಕೇ ಸುಮಾರು ಎರಡು ದಿನ. ದಪ್ಪ ಇಮ್ಮಡಿಯಾದರೆ ಸಮಯ ಇಮ್ಮಡಿಯಾದರೆ ಸಾಕೆಂದು ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ. ಒಳಗಿನ ಶಾಖ ಹೊರಬರಬೇಕಾದ ದೂರ ಹೆಚ್ಚಿದಂತೆ ಇಳಿಸುವ ವೇಗ ದಪ್ಪದ ವರ್ಗಕ್ಕೆ ಅನುಗುಣವಾಗಿ ಕುಸಿಯಬೇಕು: 25ರಿಂದ 50ಕ್ಕೆ ಹೋದಾಗ 15 ಇದ್ದದ್ದು 3.8ಕ್ಕೆ ಇಳಿದಿರುವುದನ್ನು ನೋಡಿ.

ಈ ಅಂಕಿಗಳು ಎಲ್ಲ ಕಡೆ ಸಮ ದಪ್ಪವಿರುವ, ಎರಡೂ ಬದಿಯಿಂದ ಸಮನಾಗಿ ತಣಿಯುವ ಗಾಜಿಗೆ. ಶೆಲ್ಫ್ ಮೇಲೆ ಮಲಗಿರುವ ತುಂಡಿನ ತಳ ನಿಧಾನವಾಗಿ ತಣಿಯುತ್ತದೆ, ಹಾಗಾಗಿ ಶೆಲ್ಫನ್ನು ಕಾಲುಗಳ ಮೇಲೆ ಎತ್ತಿಡಬೇಕು. ತುಂಡುಗಳು ಉಬ್ಬಾಗಿಯೇ ಉಳಿಯುವ ಟ್ಯಾಕ್ ಫ್ಯೂಸ್ ಕೆಲಸದಲ್ಲಿ ತೆಳು ಭಾಗ ಬೇಗ ತಣಿದು ದಪ್ಪ ಭಾಗವನ್ನು ಎಳೆಯುತ್ತದೆ. ಅತಿ ದಪ್ಪ ಜಾಗದ ಎರಡರಷ್ಟು ದಪ್ಪವಿದೆಯೆಂದು ಭಾವಿಸಿ ಕೋಷ್ಟಕದ ಸಾಲು ಆರಿಸುವುದು ಕ್ಷೇಮ. ಒಮ್ಮೆ ಫ್ಯೂಸ್ ಆದ ದಪ್ಪ ತುಂಡನ್ನು ಮತ್ತೆ ಕಾಯಿಸುವಾಗ ಏರಿಸುವ ವೇಗವನ್ನೂ ಮೊದಲಿನ ಅರ್ಧಕ್ಕಿಂತ ಕೆಳಗೆ ತರಬೇಕು.

ಇಷ್ಟಾಗಿಯೂ ಒಡೆದರೆ ಬಿರುಕನ್ನೇ ಓದಬೇಕು. ಬಿರುಕಿನ ಅಂಚು ಕರಗಿ ದುಂಡಗಾಗಿದ್ದರೆ ಅದು ಶಾಖ ಏರುವಾಗಲೇ ಒಡೆದದ್ದು, ಏರಿಕೆಯ ವೇಗ ಹೆಚ್ಚಾಯಿತು. ಅಂಚು ಚೂಪಾಗಿದ್ದರೆ ಇಳಿಯುವಾಗ ಅಥವಾ ಆಮೇಲೆ ಒಡೆದದ್ದು. ಚೂಪು ಬಿರುಕು ಒಂದು ಬಣ್ಣದ ಗಡಿಯನ್ನೇ ಹಿಡಿದು ಹೋಗಿದ್ದರೆ ಆ ಎರಡು ಗಾಜು ಹೊಂದಲಿಲ್ಲ. ಬಣ್ಣಗಳನ್ನು ಲೆಕ್ಕಿಸದೆ ಇಡೀ ತುಂಡಿನ ಮೇಲೆ ಬಾಗುತ್ತ ಸಾಗಿದ್ದರೆ ಅನೀಲಿಂಗ್ ಸಾಲಲಿಲ್ಲ. ಶೆಲ್ಫಿಗೆ ಅಂಟಿದ ಜಾಗದಿಂದ ಹೊರಟಿದ್ದರೆ ಗಾಜಿನ ತಪ್ಪೇ ಅಲ್ಲ, ಲೇಪ ಹೋಗಿತ್ತು.

ಲೇಪವೆಂದರೆ ಶೆಲ್ಫ್ ಪ್ರೈಮರ್. ಇವರದೇ ಪ್ರೈಮರ್ ಪುಡಿಯನ್ನು ಅಳತೆಯಲ್ಲಿ ಒಂದು ಪಾಲಿಗೆ ಐದು ಪಾಲು ನೀರು ಸೇರಿಸಿ, ಮೆತ್ತನೆಯ ಅಗಲ ಕುಂಚದಿಂದ ಉದ್ದ, ಅಡ್ಡ, ಎರಡು ಓರೆ ದಿಕ್ಕುಗಳಲ್ಲಿ ಒಂದೊಂದು ಪದರ ಹಚ್ಚಿ ಪೂರ್ತಿ ಒಣಗಿಸಬೇಕು. ಹಸಿಯಿದ್ದಾಗಲೇ ಗಾಜು ಇಟ್ಟರೆ ಏಳುವ ಹಬೆ ಗಾಜಿನಡಿ ಗುಳ್ಳೆ ಎಬ್ಬಿಸುತ್ತದೆ. ಸ್ಲಂಪಿಂಗ್ ಅಚ್ಚಿನ ಲೇಪ ಹಲವು ಸಲಕ್ಕೆ ಬರುತ್ತದೆ. ಪೂರ್ತಿ ಫ್ಯೂಸ್ ಕಂಡ ಶೆಲ್ಫಿನದನ್ನು ಮಾತ್ರ ಪ್ರತಿ ಸಲ ಕೆರೆದು ಹೊಸದಾಗಿ ಹಚ್ಚಬೇಕು, ಏಕೆಂದರೆ ಆ ಶಾಖದಲ್ಲಿ ಅದರ ಜೇಡಿಯ ಗುಣ ಬದಲಾಗಿ ಮುಂದಿನ ಸಲ ಗಾಜಿಗೆ ಕಚ್ಚುತ್ತದೆ. ಲೇಪದ ಬದಲು ಶೆಲ್ಫ್ ಮೇಲೆ ಹಾಸುವ ಥಿನ್‌ಫೈರ್ ಕಾಗದ ಈ ಶ್ರಮ ತಪ್ಪಿಸಿ ಗಾಜಿನ ತಳವನ್ನೂ ನುಣುಪಾಗಿಡುತ್ತದೆ. ಅದರೊಳಗಿನ ಅಂಟು ಉರಿಯುವಾಗ ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ. ಉಳಿದ ಬೂದಿಯನ್ನು ಊದಬಾರದು. ಕಾಗದದ ಮೇಲೆ ಸಣ್ಣ ತುಂಡುಗಳನ್ನು ಬಿಡಿಬಿಡಿಯಾಗಿಟ್ಟರೆ ಕಾಗದ ಮುದುಡಿ ಅವು ಜರುಗುವುದೂ ಉಂಟು.

ಕಂಪನಿಯ ಬಗ್ಗೆ ಹೇಳುವಾಗ 2016ನ್ನು ಬಿಟ್ಟು ಹೇಳಲಾಗದು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿಗಳು ಪೋರ್ಟ್‌ಲ್ಯಾಂಡ್‌ನ ಮರಗಳ ಹಾವಸೆಯನ್ನು ಪರೀಕ್ಷಿಸಿದಾಗ ಬಣ್ಣದ ಗಾಜಿನ ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂನಂಥ ಭಾರ ಲೋಹಗಳ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಆ ವರ್ಷದ ಆರಂಭದಲ್ಲಿ ಸುದ್ದಿ ಹೊರಬಿದ್ದಾಗ ನೆರೆಯ ನಿವಾಸಿಗಳ ಆತಂಕ ನ್ಯಾಯವಾದದ್ದೇ ಆಗಿತ್ತು. ಬುಲ್ಸ್‌ಐ ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಬಳಕೆ ನಿಲ್ಲಿಸಿತು, ರಾಜ್ಯ ಹೊಸ ನಿಯಮ ತಂದಿತು, ಕುಲುಮೆಗಳ ಹೊಗೆಗೆ ಶೋಧಕಗಳನ್ನು ಕೂರಿಸಿದ ಮೇಲೆ ಬಣ್ಣಗಳು ಮರಳಿದವು. ಅದೇ ಹೊತ್ತಿಗೆ ಬಣ್ಣದ ಗಾಜಿನ ಇನ್ನೊಂದು ಕಾರ್ಖಾನೆಯಾದ ಸ್ಪೆಕ್ಟ್ರಂ ಮುಚ್ಚಿತು. ಅದರ ಸಿಸ್ಟಂ 96 ಗಾಜಿನ ತಯಾರಿಕೆ ಓಷನ್‌ಸೈಡ್ ಕಂಪನಿಯ ಮೂಲಕ ಮೆಕ್ಸಿಕೊಗೆ ಹೋಯಿತು. ಪೋರ್ಟ್‌ಲ್ಯಾಂಡ್‌ನದೇ ಆದ ಯುರೊಬೊರಸ್ ಗಾಜಿನ ಕಾರ್ಖಾನೆ ಕೂಡ 2017ರಲ್ಲಿ ಅದೇ ದಾರಿ ಹಿಡಿಯಿತು. ಕ್ಯಾಡ್ಮಿಯಂ ಬೇಕಾಗುವ ಕೆಂಪು, ಕಿತ್ತಳೆ, ಹಳದಿ ಗಾಜಿನ ಪೂರೈಕೆ ಎಷ್ಟು ತೆಳುವಾದ ನೆಲೆಯ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಮನವರಿಕೆಯಾದದ್ದು ಆಗ. ದೊಡ್ಡ ಕೆಲಸ ಒಪ್ಪಿಕೊಂಡವರು ಬೇಕಾದ ಅಷ್ಟೂ ಹಾಳೆಯನ್ನು ಒಂದೇ ಸಲ ತರಿಸಿಕೊಳ್ಳುವುದು ಜಾಣತನ. ಕೈಯಿಂದ ಸೌಟಿನಲ್ಲಿ ಸುರಿದು ಉರುಳೆಗಳಲ್ಲಿ ಹಾಯಿಸಿದ ಗಾಜಾದ್ದರಿಂದ ಒಂದು ತಯಾರಿಗೂ ಇನ್ನೊಂದಕ್ಕೂ ಛಾಯೆ ತುಸು ಬದಲಾಗುತ್ತದೆ, ಹಾಳೆಯ ದಪ್ಪವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ತೂಕ ನೋಡಿ ಕೆಲಸ ಮಾಡಿದರೆ ಈ ವ್ಯತ್ಯಾಸ ಕಾಡುವುದಿಲ್ಲ: 20 ಸೆಂ.ಮೀ. ಚೌಕಕ್ಕೆ 6 ಮಿ.ಮೀ. ಬೇಕಾದರೆ ಎರಡು ಪದರ ಸೇರಿ 600 ಗ್ರಾಂ ತೂಗಬೇಕು, ಕಡಿಮೆ ಬಿದ್ದದ್ದನ್ನು ಫ್ರಿಟ್‌ನಿಂದ ತುಂಬಿಸಬಹುದು.

ಹೊಸದಾಗಿ ಶುರುಮಾಡುವವರು ಇಪ್ಪತ್ತು ಬಣ್ಣಗಳ ಮಾದರಿ ಪೆಟ್ಟಿಗೆಗೆ ಮರುಳಾಗಬಾರದು. ಬಣ್ಣವಿಲ್ಲದ 001101 ಹೆಚ್ಚಾಗಿ, ಬಿಳಿ 000113, ಕಪ್ಪು ಒಂದು, ಪರಸ್ಪರ ಕೆಣಕದ ಎರಡು ಮೂರು ಪಾರದರ್ಶಕ ಬಣ್ಣ, ಬಣ್ಣವಿಲ್ಲದ ಪುಡಿ ಒಂದು ಡಬ್ಬಿ, ಪ್ರೈಮರ್, ಎರಡು ಧ್ರುವೀಕರಣ ಫಿಲ್ಮ್. ಚಿನ್ನದ ಗುಲಾಬಿ, ವೆನಿಲ್ಲಾ, ರಿಯಾಕ್ಟಿವ್ ಹಾಳೆಗಳು ಕುಲುಮೆಯ ಸ್ವಭಾವ ತಿಳಿದ ಮೇಲೆ ಬರಲಿ. ಕತ್ತರಿಸುವಾಗ ಚೀಟಿಯಿರುವ ಮೂಲೆಯನ್ನು ಕೊನೆಗೆ ಉಳಿಸಿಕೊಳ್ಳಿ, ಉಳಿದ ಚೂರುಗಳಿಗೆ ಸಂಖ್ಯೆ ಬರೆದಿಡಿ. ಬಣ್ಣವಿಲ್ಲದ ಚೂರು ಬುಲ್ಸ್‌ಐಯದೋ ಬೇರೆ ಕಾರ್ಖಾನೆಯದೋ ಎಂದು ಕಣ್ಣಿನಿಂದ ಹೇಳಲು ಯಾರಿಗೂ ಆಗದು. ಸಂಖ್ಯೆಯಿಲ್ಲದ ಚೂರನ್ನು ಪಟ್ಟಿ ಪರೀಕ್ಷೆ ಮಾಡದೆ ಒಳ್ಳೆಯ ಕೆಲಸದಲ್ಲಿ ಸೇರಿಸಬೇಡಿ.